ಫುಪ್ಪು ಕಾಯ್ದ ಗಾದಿ

ಜೋಳದ ಹಿಟ್ಟಿಗೆ ಕುದಿನೀರು ಬಿದ್ದಾಗ ಏಳುವ ವಾಸನೆ ಮೂಗಿಗೆ ಬಂದರೆ ಸಾಕು, ನಾನು ಕಡಲಾಚೆಯ ಬಯಾನ್ ಲೆಪಾಸ್ ಊರಿನ ನಮ್ಮ ಹದಿನಾಲ್ಕನೇ ಮಹಡಿಯ ಅಡುಗೆಮನೆಯಲ್ಲಿರುತ್ತೇನೆ. ಕಿಟಕಿಯಾಚೆ ವಿಮಾನಗಳು ತೂಕಡಿಸುತ್ತಾ ಇಳಿಯುತ್ತಿವೆ. ಒಳಗೆ ಫುಪ್ಪು, ಅಂದರೆ ಅಬ್ಬಾನ ಅಕ್ಕ, ರೊಟ್ಟಿ ತಟ್ಟುತ್ತಿದ್ದಾಳೆ. ಎರಡು ಸಾವಿರದ ಹನ್ನೆರಡರ ಸುಮಾರು, ನನಗಾಗ ಒಂಬತ್ತು ವರ್ಷ, ಅಮ್ಮಿ ತೀರಿಕೊಂಡಾಗ ಅವಳು ವಿಜಯಪುರದಿಂದ ರೊಟ್ಟಿಯ ಹಂಚನ್ನೂ ಹೊತ್ತುಕೊಂಡು ಬಂದಳು. ಬಂದ ದಿನದಿಂದಲೇ ಮನೆಯ ಆಡಳಿತ ಅವಳದು. ಕಂಪ್ಯೂಟರ್ ಚಿಪ್ ಕಾರ್ಖಾನೆಯಲ್ಲಿ ಎಲ್ಲರಿಗೂ ಹುಕುಂ ಮಾಡುವ ಅಬ್ಬಾ ಅವಳೆದುರು ಕೆಮ್ಮುವುದಕ್ಕೂ ಹಿಂದೆಮುಂದೆ ನೋಡುತ್ತಿದ್ದ. ಆದರೆ ಊಟಕ್ಕೆ ಅಮ್ಮಿಯ ಕುರ್ಚಿಯಲ್ಲಿ ಅವಳು ಒಂದು ದಿನವೂ ಕೂರಲಿಲ್ಲ. ಪಕ್ಕಕ್ಕೆ ಪ್ಲಾಸ್ಟಿಕ್ ಸ್ಟೂಲು ಎಳೆದುಕೊಳ್ಳುತ್ತಿದ್ದಳು.

ಮಧ್ಯಾಹ್ನ ಶಾಲೆಯಿಂದ ಬಂದರೆ ತುತ್ತಿನ ಜೊತೆ ಕಥೆ. ಅವಳಿಗೆ ಬರುತ್ತಿದ್ದುದು ಒಂದೇ ಕಥೆ, ಅವಳ ಊರಿನ ರಾಣಿಯದು. ಸುಲ್ತಾನ ಸತ್ತಾಗ ಗಾದಿಗೆ ಬಂದವನು ಅವನ ತಮ್ಮನ ಮಗ, ಒಂಬತ್ತು ವರ್ಷದವನು. ರಾಣಿ ಅವನನ್ನು ಗಾದಿಯ ಮೇಲೆ ಕೂರಿಸಿ ತಾನು ಮಗ್ಗುಲಲ್ಲಿದ್ದು ರಾಜ್ಯ ನಡೆಸಿದಳು. ಸರದಾರರು ಸೆರೆಗೆ ಹಾಕಿದರೂ ತಿರುಗಿ ಬಂದು ನಡೆಸಿದಳು. ಮುಂದೆ ತವರಿನ ಕೋಟೆಯನ್ನು ಮೊಗಲರು ಮುತ್ತಿದಾಗ, ಅಲ್ಲಿಯ ಗಾದಿಗೆ ವಾರಸುದಾರನಾದ ಕೂಸನ್ನು ಕಾಯಲು ಹೋಗಿ, ಒಡೆದ ಗೋಡೆಯ ಮೇಲೆ ಕತ್ತಿ ಹಿಡಿದು ನಿಂತಳು. ಅರೆನಿದ್ದೆಯಲ್ಲಿ ನನಗೆ ಅವಳ ಕುದುರೆಗಳು ಸಮುದ್ರದ ಮೇಲಿಂದ ನಮ್ಮ ಬಾಲ್ಕನಿಗೆ ಬರುವುದು ಕಾಣುತ್ತಿತ್ತು. ರಾಣಿಯೇ ಯಾಕೆ ಗಾದಿ ಏರಲಿಲ್ಲ ಎಂದು ನಾನು ಇಂಗ್ಲಿಷಿನಲ್ಲಿ ಕೇಳಿದರೆ, "ಅದು ಆಕೀದಲ್ಲವ್ವಾ. ಆಕೀ ಕಾಯಾಕ ಬಂದಾಕಿ" ಎನ್ನುತ್ತಿದ್ದಳು ಫುಪ್ಪು. ಕೊನೆಗೆ, ರಾಣಿ ವೈರಿಗಳ ಜೊತೆ ಕೈಜೋಡಿಸಿದ್ದಾಳೆ ಎಂಬ ಗಾಳಿಮಾತು ನಂಬಿ ಅವಳ ಜನರೇ ಅವಳನ್ನು ಕೊಂದರು. ಅವಳನ್ನೇ ಒಂದು ಮಾತು ಕೇಳಬಾರದಿತ್ತೇ ಎಂದು ನಾನು ಅತ್ತುಬಿಟ್ಟಿದ್ದೆ.

ಅಷ್ಟು ಅತ್ತವಳು ಮಾಡಿದ್ದೇನು ಕೇಳಿ. ಒಂದು ಮಧ್ಯಾಹ್ನ ಫುಪ್ಪು ಊರಿನವರ ಜೊತೆ ಫೋನಿನಲ್ಲಿದ್ದಳು. "ಹುಡುಗಿ ಛಲೋ ಅದಾಳ, ನಮ್ಮ ತಮ್ಮಗ ಒಪ್ಪತಾಳ" ಅಂದದ್ದು ಕಿವಿಗೆ ಬಿತ್ತು. ಮುಂದಿನದನ್ನು ಕೇಳಲು ನಾನು ನಿಲ್ಲಲಿಲ್ಲ. ಅಮ್ಮಿಯ ಜಾಗಕ್ಕೆ ಇನ್ನೊಬ್ಬಳನ್ನು ತರುತ್ತಿದ್ದಾಳೆ! ಅಂದಿನಿಂದ ಅವಳ ಕೈತುತ್ತು ಬಿಟ್ಟೆ. ಕೆಳಗಿನ ಮಾಮಕ್ ಎಂಬ ತಮಿಳು ಮುಸ್ಲಿಮರ ಊಟದಂಗಡಿಯಿಂದ ಕಟ್ಟಿಸಿಕೊಂಡು ಬಂದದ್ದನ್ನೇ ತಿಂದೆ. ಅವಳು ರೊಟ್ಟಿ ಮುರಿದು ಕೈಯಲ್ಲಿ ಹಿಡಿದು ಕೂತೇ ಇರುತ್ತಿದ್ದಳು. ವೀಸಾ ಮುಗಿಯುತ್ತಾ ಬಂದಾಗ, ಇನ್ನೊಂದು ವರ್ಷ ಇರಿಸಿಕೊಳ್ಳೋಣವೇ ಎಂದು ಅಬ್ಬಾ ನನ್ನನ್ನೇ ಕೇಳಿದ. ಕಳಿಸಿಬಿಡು ಅಂದೆ. ಯಾಕೆ ಅಂದರೆ ತುಟಿ ಬಿಚ್ಚಲಿಲ್ಲ. ಫುಪ್ಪು ಊರಿಗೆ ಹೋದಳು.

ಅವಳು ತೀರಿಕೊಂಡ ಮೇಲೆ, ಹೋದ ವರ್ಷ, ಅಬ್ಬಾನೆದುರು ಆ ಫೋನಿನ ಮಾತನ್ನು ಬಾಯಿಬಿಟ್ಟೆ. ಆ ಸಂಬಂಧವನ್ನು ಬೇಡವೆಂದವಳೇ ಫುಪ್ಪು ಎಂದ ಅವನು. "ಹುಡುಗಿ ಛಲೋ ಅದಾಳ, ನಮ್ಮ ತಮ್ಮಗ ಒಪ್ಪತಾಳ ಖರೆ, ಆದ್ರ ನಮ್ಮ ಕೂಸು ಇನ್ನೂ ಸಣ್ಣದದ, ಈಗ ಬ್ಯಾಡ್ರಿ" ಎಂದು ಅದೇ ಫೋನಿನಲ್ಲಿ ಹೇಳಿದ್ದಳಂತೆ. ಊರಿಗೆ ಹೋದ ಮೇಲೆ ಅಬ್ಬಾ ಫೋನ್ ಮಾಡಿದಾಗಲೆಲ್ಲ ಒಂದೇ ಮಾತು ಕೇಳುತ್ತಿದ್ದಳಂತೆ: "ಕೂಸು ಯಾಕ ಉಣ್ಣೂದು ಬಿಟ್ಟಿತೋ? ನನ್ನ ಕೈಯಾಗ ಖಾರ ಹೆಚ್ಚಾಗಿತ್ತೇನೋ."