ಏಳು ದ್ರಾಕ್ಷಿ, ಮೂರು ದ್ರಾಕ್ಷಿ

ನನ್ನ ಮಗಳಿಗೆ ಹೆಚ್ಚು-ಕಡಿಮೆ ಗೊತ್ತಾಗಲ್ಲವಂತೆ. ಕ್ಯುಪರ್ಟಿನೋದ ಒಳ್ಳೆ ಹೆಸರಿನ ಶಾಲೆಗೆಂದೇ ನಾವು ಓಕ್ಲ್ಯಾಂಡಿನ ದೊಡ್ಡ ಅಪಾರ್ಟ್‌ಮೆಂಟು ಬಿಟ್ಟು ಒಂದು ರೂಮಿನದಕ್ಕೆ ಬಂದಿದ್ದು. ಈಗ ಟೀಚರು ಫೋನು ಮಾಡಿ, "ಸೇರೋಕೆ ಮುಂಚಿನ ಪರೀಕ್ಷೇಲಿ ಮೂರು ಸಲವೂ ತಪ್ಪು ತೋರಿಸಿದಳು, ಕಿಂಡರ್‌ಗಾರ್ಟನ್ನಿಗೆ ಮುಂದಿನ ವರ್ಷ ಸೇರಿಸೋಣ" ಅನ್ನುತ್ತಾರೆ. ಮೈಯೆಲ್ಲ ಉರಿದುಹೋಯಿತು. ದೋಸೆ ಬಡಿಸುವಾಗ ಅಪ್ಪಂಗೆ ಒಂದು ಕಡಿಮೆ ಬಂತು ಅಂತ ತಕರಾರು ತೆಗೆಯುವ ಹುಡುಗಿ ಇವಳು.

ಟೀಚರು ಏನು ಕೇಳಿದರು ಅಂತ ಮಗಳನ್ನೇ ಕೇಳಿದೆ. ಎರಡು ತಟ್ಟೆ ಇಟ್ಟರಂತೆ. ಒಂದರಲ್ಲಿ ಏಳು ದ್ರಾಕ್ಷಿ, ಒಂದರಲ್ಲಿ ಮೂರು. ನಿನಗೆ ಯಾವುದು ಬೇಕು ಅಂದರಂತೆ. ಇವಳು ಮೂರರದ್ದು ತೋರಿಸಿದ್ದಾಳೆ. ಯಾಕೆ ಅಂತ ಕೇಳಿದರೆ, "ಬಿಗ್ ಒನ್ ಈಸ್ ಫಾರ್ ಟೀಚರ್" ಅಂದಳು, ಅಷ್ಟೂ ಗೊತ್ತಿಲ್ಲವಾ ಅನ್ನೋ ಹಾಗೆ.

ಇನ್ಯಾರನ್ನ ಬೈಯಲಿ? ಎದುರಿಗೆ ಕೂತವರಿಗೆ ಜಾಸ್ತಿ ಇಡು ಅಂತ ಅವಳ ತಲೆಗೆ ತುಂಬಿದವಳು ನಾನೇ.

ಗಂಡನದು ಸ್ಟಾರ್ಟಪ್ಪಿನ ಕೆಲಸ, ಎಲ್ಲಕ್ಕೂ ಶಾರ್ಟ್‌ಕಟ್ಟು ಬೇಕು. "ಜಾಸ್ತಿ ಇರೋದನ್ನೇ ತಗೋ ಅಂತ ಹೇಳ್ಕೊಡು, ಮುಗೀತು" ಅಂದ. ಆ ಊರೇ ಹಾಗಿತ್ತು. ಊಟಕ್ಕೆ ಕರೆದವರ ಮನೆಯಲ್ಲೂ ಯಾರ ಕಂಪನಿ ಷೇರು ಎಷ್ಟು ಏರಿತು ಅನ್ನೋದೇ ಮಾತು. ನಾನು ಹೇಳಿಕೊಡಲ್ಲ ಅಂದೆ. "ನಿನ್ನ ಹಠಕ್ಕೆ ಮಗೂದು ಒಂದು ವರ್ಷ ಹೋಗುತ್ತೆ" ಅಂದ. ಹೋಗೋಕೆ ನಾನು ಬಿಡಲ್ಲ ಅಂದೆ.

ಮರುದಿನ ಮಗಳನ್ನು ಕರಕೊಂಡು ಶಾಲೆಗೆ ಹೋಗಿ, ನಿಮ್ಮ ಪ್ರಶ್ನೆಯೇ ತಪ್ಪು ಅಂದೆ. ಎಲ್ಲ ಮಕ್ಕಳಿಗೂ ಇದೇ ಪ್ರಶ್ನೆ ಅಂದರು ಟೀಚರು. "ಯಾವುದು ಬೇಕು ಅಂತ ಕೇಳಬೇಡಿ, ಯಾವುದು ಜಾಸ್ತಿ ಅಂತ ಕೇಳಿ" ಅಂದೆ. ನನ್ನ ಇಂಗ್ಲಿಷು ತಡವರಿಸುತ್ತಿತ್ತು, ಆದರೂ ಕುರ್ಚಿ ಬಿಟ್ಟು ಏಳಲಿಲ್ಲ. ಕೊನೆಗೆ ತಟ್ಟೆ ತಂದಿಟ್ಟು ಹಾಗೇ ಕೇಳಿದರು. ಮಗಳು ಏಳರ ತಟ್ಟೆ ಮುಟ್ಟಿದಳು. ಎಷ್ಟು ಜಾಸ್ತಿ ಅಂದಿದ್ದಕ್ಕೆ ನಾಲ್ಕು ಬೆರಳು ಎತ್ತಿದಳು. ಟೀಚರು ಫಾರಮ್ಮಿನಲ್ಲಿ ಬರೆದಿದ್ದನ್ನು ಹೊಡೆದುಹಾಕಿ, ಈ ವರ್ಷವೇ ಕಳಿಸಿ ಅಂದರು.

ಆಮೇಲೆ ಮಗಳಿಗೆ, "ಈಗ ನಿನಗೆ ಬೇಕಾದ ತಟ್ಟೆ ತಗೋ" ಅಂದರು. ನನ್ನ ಕಡೆ ತಿರುಗಿ, ಬೇಕಾದ್ದನ್ನು ಕೇಳೋದೂ ಇಲ್ಲಿ ಕಲಿಯಬೇಕಾಗುತ್ತೆ ಅಂತ ಮೆಲ್ಲಗೆ ಸೇರಿಸಿದರು.

ದ್ರಾಕ್ಷಿ ಅಂದರೆ ಪ್ರಾಣ ಬಿಡುವ ಹುಡುಗಿ. ಏಳರ ತಟ್ಟೆಯನ್ನೇ ನೋಡುತ್ತಾ ನಿಂತಳು. ಒಂದು ಸಲ ನನ್ನ ಮುಖ ನೋಡಿದಳು. ಆಮೇಲೆ ಅದನ್ನು ಟೀಚರ ಕಡೆ ತಳ್ಳಿ ಮೂರರದ್ದು ತಗೊಂಡಳು. ಅವಳಿಗೆ ಬೇಕಿದ್ದುದು ಯಾವುದು ಅಂತ ನನಗೆ ಗೊತ್ತಿತ್ತು. ಆದರೂ ಏಳರದ್ದೇ ತಗೋ ಅನ್ನಲಿಲ್ಲ ನಾನು.