ನಾಮಿನಿ ಬದಲಾಯಿಸಿದ್ದು

ಮದುವೆಯಾಗದ ಹೆಂಗಸಿನ ದುಡ್ಡಿಗೆ ಊರೆಲ್ಲ ವಾರಸುದಾರರು. ನನಗಿದು ಗೊತ್ತಾದದ್ದು ರಿಟೈರಾದ ವಾರವೇ. ಕೆ. ಹೊಸಕೋಟೆ ಹತ್ತಿರ ತೋಟ ಮಾಡಿಕೊಂಡಿರುವ ನನ್ನ ತಮ್ಮ ಬಾಳೆಗೊನೆ ಹೊತ್ತು ಬಂದು, ಕಾಫಿ ಒಣಗಿಸುವ ಕಣಕ್ಕೆ ಕಾಂಕ್ರೀಟ್ ಹಾಕಿಸುವ ಮಾತು ತೆಗೆದ. ಕಣ ಅವನದು, ಕಾಂಕ್ರೀಟ್ ನನ್ನ ಗ್ರಾಚ್ಯುಯಿಟಿಯದು.

ನಾನು ವನಗೂರು ಕಡೆ ಮೂವತ್ತು ವರ್ಷ ನರ್ಸಮ್ಮನಾಗಿದ್ದವಳು. ಅಲ್ಲಿನ ಎಸ್ಟೇಟ್ ಲೈನುಗಳಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ, ಹೆರಿಗೆ ನೋವು ಶುರುವಾದ ಮೇಲೆ ಜೀಪು ಹುಡುಕುತ್ತಾರೆ. ಸಿಕ್ಕರೂ ಸಕಲೇಶಪುರದ ಆಸ್ಪತ್ರೆ ಮುಟ್ಟುವುದು ಅದೃಷ್ಟ. ಒಬ್ಬಳು ಜೀಪಿನಲ್ಲಿ ನನ್ನ ತೊಡೆಯ ಮೇಲೆಯೇ ಹೋಗಿಬಿಟ್ಟಳು. ಇನ್ನು ಇಪ್ಪತ್ತು ನಿಮಿಷದ ದಾರಿ ಇತ್ತು. ದಿನ ತುಂಬಿದವರು ನೋವಿಗೆ ಮೊದಲೇ ಇಳಿದು ಬಂದು ಉಳಿಯಲು ಆಸ್ಪತ್ರೆಯ ಹತ್ತಿರ ಎರಡು ಕೋಣೆ ಬೇಕು ಎಂಬ ಹಟ ಅವತ್ತು ಹಿಡಿದದ್ದು, ಬಿಡಲೇ ಇಲ್ಲ.

ಪರಿಚಯದ ಹಳೆಯ ಡಾಕ್ಟರಮ್ಮನ ಜೊತೆ ಆ ಕೋಣೆಗಳಿಗಾಗಿಯೇ ಒಂದು ಸಣ್ಣ ಟ್ರಸ್ಟ್ ಮಾಡಿದೆ. ನಾನು ಸತ್ತ ಮೇಲೆ ನನ್ನ ಡಿಪಾಸಿಟ್ಟೆಲ್ಲ ಅದಕ್ಕೆ ಸೇರಲಿ ಎಂದು ಉಯಿಲು ಬರೆಸಿ, ರಿಜಿಸ್ಟರ್ ಮಾಡಿಸಿ, ಮಸಾಲೆ ದೋಸೆ ತಿಂದು ಮನೆಗೆ ಬಂದೆ. ಸುದ್ದಿ ಯಾರು ಮುಟ್ಟಿಸಿದರೋ, ಮರುದಿನ ಬೆಳಿಗ್ಗೆ ತಮ್ಮ ಬಾಗಿಲಲ್ಲಿದ್ದ. ಈ ಸಲ ಬಾಳೆಗೊನೆ ಇರಲಿಲ್ಲ.

"ನಿಂಗೇನು ತಲೆ ಕೆಟ್ಟೈತಾ ಅಕ್ಕ? ಲೈನ್ ಹೆಂಗಸ್ರಿಗೆ ಕೊಡಕ್ಕೆ ನಾವೇನು ಸತ್ತೋಗ್ಬುಟ್ಟಿದೀವಾ? ನಾಳೆ ನಿನ್ ಹೆಣ ಎತ್ತೋರ್ಯಾರು, ಆ ಬಸುರೀರಾ?"

"ಬಸುರೀರು ಭಾರ ಎತ್ತಬಾರ್ದು ಕಣೋ" ಎಂದೆ.

ಬಾಯಲ್ಲಿ ಹಾಗಂದೆನೇ ಹೊರತು ಅವನ ಹೆಣದ ಮಾತು ಎದೆಗೆ ನಾಟಿತು. ಇವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು.

ಅದೇ ವಾರ ಬಡ್ಡಿ ವಿಚಾರಿಸಲು ಬ್ಯಾಂಕಿಗೆ ಹೋದಾಗ ಅಲ್ಲಿನ ಹುಡುಗಿ ಕಂಪ್ಯೂಟರ್ ನೋಡಿ, "ಎಲ್ಲದಕ್ಕೂ ನಿಮ್ ತಮ್ಮನೇ ನಾಮಿನಿ ಅಲ್ವಾ ಅಮ್ಮ?" ಎಂದಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಯಾರೋ ಫಾರಂ ಕೊಟ್ಟಿದ್ದರು, ಅವನ ಹೆಸರು ಬರೆದಿದ್ದೆ. ಆಮೇಲೆ ಯಾವ ಫಾರಂ ಬಂದರೂ ಕೈ ಅದೇ ಹೆಸರು ಬರೆಯುತ್ತಿತ್ತು. ಉಯಿಲು ಇದೆಯಲ್ಲ ಎಂದೆ. ಬ್ಯಾಂಕು ಮೊದಲು ದುಡ್ಡು ಕೊಡುವುದು ನಾಮಿನಿಯ ಕೈಗೆ, ಆಮೇಲೆ ಟ್ರಸ್ಟಿನವರು ಕೋರ್ಟು ಅಲೆಯಬೇಕಾಗಬಹುದು ಎಂದಳು. ನನ್ನ ದೋಸೆಯೆಲ್ಲ ದಂಡವಾಯಿತು.

ನಾಮಿನಿ ಬದಲಾಯಿಸುವ ಫಾರಂ ತೆಗೆದುಕೊಂಡು ಬೆಂಚಿನ ಮೇಲೆ ಕೂತೆ. ಆಗ ಹೊಳೆಯಿತು: ನಾನು ಸಾಯುವುದನ್ನು ಆ ಕೋಣೆಗಳು ಯಾಕೆ ಕಾಯಬೇಕು? ಸತ್ತ ಮೇಲೆ ಕೊಡುವುದರಲ್ಲಿ ನನ್ನದೇನು ಹೆಚ್ಚುಗಾರಿಕೆ, ಆಗ ಹೇಗೂ ಬಿಟ್ಟೇ ಹೋಗಬೇಕು. ಫಾರಂ ಖಾಲಿಯೇ ವಾಪಸು ಕೊಟ್ಟು, ಡಿಪಾಸಿಟ್ಟುಗಳನ್ನು ಅವಧಿಗೆ ಮೊದಲೇ ಮುರಿಸಿ ಟ್ರಸ್ಟಿಗೆ ಹಾಕಿಸಿದೆ. ಬಡ್ಡಿ ಹೋಗುತ್ತದೆ ಎಂದು ಆ ಹುಡುಗಿ ಎರಡು ಸಲ ಹೇಳಿದಳು. ಹೋಗಲಿ ಎಂದೆ. ನನ್ನ ಊಟಕ್ಕೆ ಪೆನ್ಶನ್ ಇದೆ. ಒಂದು ಸಣ್ಣ ಖಾತೆಯನ್ನು ಮಾತ್ರ ಮುಟ್ಟಲಿಲ್ಲ.

ಈಗ ಆಸ್ಪತ್ರೆಯ ಹಿಂದಿನ ಬೀದಿಯ ಬಾಡಿಗೆ ಮನೆಯಲ್ಲಿ ಎರಡು ಕೋಣೆ ಆ ಬಸುರಿಯರದು, ಅಡುಗೆಮನೆಯ ಪಕ್ಕದ್ದು ನನ್ನದು. ಮೊನ್ನೆ ತಮ್ಮ ಅಲ್ಲಿಗೂ ಬಂದ. ಮತ್ತೆ ಹೆಣದ ಮಾತೇ ಎತ್ತಿದ. ನಾನು ಉಳಿಸಿಟ್ಟ ಆ ಖಾತೆಯ ಪಾಸ್‌ಬುಕ್ ತಂದು ಅವನ ಕೈಗಿಟ್ಟೆ.

"ಇದ್ರಲ್ಲಿ ನನ್ ಮಣ್ಣಿಗೆ ಆಗೋವಷ್ಟು ಐತೆ. ತಿಥಿ ಊಟಕ್ಕೂ ಸೇರ್ಸಿದೀನಿ. ಇದಕ್ಕೆ ಈಗ್ಲೂ ನೀನೇ ನಾಮಿನಿ. ಪುಕ್ಕಟೆ ಏನೂ ಎತ್ತಬ್ಯಾಡ."

ಬೇಡ ಅಕ್ಕ ಅನ್ನುತ್ತಾನೆಂದು ಕಾದೆ. ಅವನು ಪಾಸ್‌ಬುಕ್ ತೆರೆದು ಕೊನೆಯ ಪುಟ ನೋಡಿದ. ನೋಡಿ ಜೇಬಿಗೆ ಹಾಕಿಕೊಂಡ.

ನನಗೆ ಅಳು ಬಂತು. ಬಂದರೂ ಅವನೆದುರು ಅಳಲಿಲ್ಲ. ಒಳಗಿನ ಕೋಣೆಯಿಂದ ಒಂಬತ್ತು ತಿಂಗಳು ತುಂಬಿದ ಹುಡುಗಿಯೊಬ್ಬಳು ಬಿಸಿನೀರು ಕೇಳಿದಳು, ಎದ್ದು ಒಲೆ ಹಚ್ಚಿದೆ.