ಸೀಲ್ ಒಡೆಯದ ಹತ್ತಿ

ಬೆಟ್ಟ ಹತ್ತುವವರು ಎಷ್ಟು ಔಷಧಿ ಹೊತ್ತೊಯ್ಯಬೇಕು ಎಂಬ ವಿಷಯದಲ್ಲಿ ನಾನು ಒಂದು ಕಾಲಕ್ಕೆ ದೊಡ್ಡ ತಜ್ಞನಾಗಿದ್ದೆ. ಆಗ ತೊಂಬತ್ತರ ದಶಕದ ಕೊನೆ, ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಲ್ಲಿ ಗುಮಾಸ್ತನಾಗಿದ್ದೆ. ಮೊಳಕಾಲ್ಮೂರು ಕಡೆಯ ಸಿದ್ದಾಪುರದ ಬೆಟ್ಟ ನೋಡಬೇಕೆಂದು ಹೆಂಡತಿ ಬಹಳ ದಿನದಿಂದ ಹೇಳುತ್ತಿದ್ದಳು. ಒಂದು ಭಾನುವಾರ ಹೊರಟೆವು.

ಹಿಂದಿನ ದಿನ ಪರಿಚಯದ ಔಷಧಿ ಅಂಗಡಿಯಲ್ಲಿ ಹತ್ತಿ, ಟಿಂಚರ್, ಸುತ್ತುವ ಪಟ್ಟಿ, ಉಳುಕಿಗೆ ಹಚ್ಚುವ ಎಣ್ಣೆ, ಸುಟ್ಟ ಗಾಯದ ಮುಲಾಮು ಎಲ್ಲ ಕಟ್ಟಿಸಿಕೊಂಡೆ. ಬೆಟ್ಟದ ಮೇಲೆ ಯಾರು ಸುಟ್ಟುಕೊಳ್ಳುತ್ತಾರೆ ಎಂದು ಹೆಂಡತಿ ಕೇಳಿದಳು. ಮುಂಜಾಗ್ರತೆ ಎಂದೆ. ಈ ವಯಸ್ಸಿನಲ್ಲಿ ಮುಚ್ಚಿಟ್ಟು ಪ್ರಯೋಜನವಿಲ್ಲ: ಸೀಲ್ ಒಡೆಯದಿದ್ದರೆ ವಾಪಸ್ ತೆಗೆದುಕೊಳ್ಳುತ್ತೇನೆಂದು ಅಂಗಡಿಯವನು ಮಾತು ಕೊಟ್ಟಿದ್ದ. ಹಾಗಾಗಿ ನನ್ನ ಮುಂಜಾಗ್ರತೆಗೆ ಮಿತಿಯೇ ಇರಲಿಲ್ಲ.

ಬಸ್ಸಿನಲ್ಲಿ ಪಕ್ಕದವರಿಗೆಲ್ಲ ಚೀಲ ಬಿಚ್ಚಿ ತೋರಿಸಿದೆ. ಮೊಳಕಾಲ್ಮೂರಿನ ಮುದುಕರೊಬ್ಬರು ನನ್ನನ್ನು ಡಾಕ್ಟರೆಂದು ತಿಳಿದು ಮಂಡಿನೋವು ಹೇಳಿಕೊಂಡರು. ನಾನು ತಿದ್ದಲಿಲ್ಲ.

ಬೆಟ್ಟ ಇಳಿಯುವಾಗ ಹೆಂಡತಿ ಸಡಿಲ ಕಲ್ಲಿನ ಮೇಲೆ ಕಾಲಿಟ್ಟು ಜಾರಿದಳು. ಬಂಡೆಯ ಅಂಚು ತಗುಲಿ ಮಂಡಿಯ ಕೆಳಗೆ ಸೀಳಿ ರಕ್ತ ಇಳಿಯಿತು. ಚೀಲ ಬಿಚ್ಚಿದೆ. ಹತ್ತಿ ತೆಗೆದೆ, ತಿರುಗಿಸಿ ನೋಡಿದೆ, ಒಳಗಿಟ್ಟೆ. ಟಿಂಚರ್ ಬಾಟಲಿಯನ್ನೂ ಹಾಗೆಯೇ. ಸಣ್ಣ ಗಾಯ, ಗಾಳಿಯಾಡಿದರೆ ಬೇಗ ಒಣಗುತ್ತದೆ ಎಂದು ಪಾಠ ಹೇಳಿ, ಬೆಳಗಿನಿಂದ ಬೆವರು ಒರೆಸಿಕೊಂಡಿದ್ದ ಟವೆಲ್ಲನ್ನೇ ಬಿಗಿಯಾಗಿ ಕಟ್ಟಿದೆ. ಗಾಳಿಯಾಡಲಿ ಎಂದವನು ಯಾಕೆ ಕಟ್ಟಿದ ಎಂದು ಅವಳು ಕೇಳಲಿಲ್ಲ. ಚೀಲವನ್ನೊಮ್ಮೆ ನೋಡಿದಳು, ಅಷ್ಟೆ.

ಚಳ್ಳಕೆರೆಯಲ್ಲಿ ಬಸ್ಸಿಳಿದು ಮನೆಗೆ ಆಟೋ ಹಿಡಿಯಲಿಲ್ಲ. ಅಂಗಡಿ ಮುಚ್ಚೀತೆಂದು ನೇರ ಅಲ್ಲಿಗೇ ನಡೆದೆ. ಅವಳು ಕುಂಟುತ್ತ ಹಿಂದೆ ಬರುತ್ತಿದ್ದಳು.

ಸಾಮಾನೆಲ್ಲ ಮುಂದಿಟ್ಟಾಗ ಅಂಗಡಿಯವನು ಒಂದೊಂದರ ಸೀಲನ್ನೂ ತಿರುಗಿಸಿ ನೋಡುತ್ತ, “ಯಾರಿಗೂ ಏನೂ ಆಗ್ಲಿಲ್ವಾ?” ಎಂದ.

“ದೇವರ ದಯ, ಏನೂ ಇಲ್ಲ,” ಎಂದೆ.

ಅಷ್ಟರಲ್ಲಿ ಅವಳು ಬಂದು ಪಕ್ಕದಲ್ಲಿ ನಿಂತಿದ್ದಳು. “ಅಣ್ಣಾ, ಇವರು ವಾಪಸ್ ಕೊಟ್ರಲ್ಲ, ಆ ಹತ್ತಿ, ಟಿಂಚರು, ಪಟ್ಟಿ ನನಗೆ ಕೊಡ್ರಿ. ನನ್ನತ್ರ ದುಡ್ಡೈತೆ.”

ಅಂಗಡಿಯವನು ಅವಳ ಕಾಲಿನ ಟವೆಲ್ ನೋಡಿದ, ಆಮೇಲೆ ನನ್ನನ್ನು ನೋಡಿದ. ಅವಳು ಮೆಟ್ಟಿಲ ಮೇಲೆ ಕುಳಿತು ಹತ್ತಿಯ ಪೊಟ್ಟಣವನ್ನು ಹಲ್ಲಿನಿಂದ ಹರಿದಳು. ಟವೆಲ್ ಗಾಯಕ್ಕೆ ಅಂಟಿಕೊಂಡಿತ್ತು. ಬಿಡಿಸಲು ಬಗ್ಗಿದೆ.

“ಮುಟ್ಟಬ್ಯಾಡ್ರಿ,” ಎಂದಳು. “ಈ ಕಾಲಿನ ಸೀಲ್ ಒಡದೈತೆ. ಇನ್ನ ಯಾರೂ ವಾಪಸ್ ತಗಳ್ಳಲ್ಲ.”

ಈಗಲೂ ಎಲ್ಲಿಗೆ ಹೊರಟರೂ ಔಷಧಿ ಚೀಲ ಕಟ್ಟುವವಳು ಅವಳೇ. ಮೊದಲು ಎಲ್ಲದರ ಸೀಲ್ ಒಡೆದು, ಆಮೇಲೆ ಒಳಗಿಡುತ್ತಾಳೆ. ಹೊರುವುದಷ್ಟೇ ನನ್ನ ಕೆಲಸ.